ದೇವಿಂದ್ರನ ನಾಲ್ಕು ದಿನದ ರಜೆ

ದೇವಿಂದ್ರ ಕೇಳಿದ್ದು ಇನ್ನೊಂದು ರೊಟ್ಟಿ. ಸಿಕ್ಕಿದ್ದು ಒಂದು ಸಮ್ಮೇಳನ.

ಆವತ್ತು ಅವನು ಲ್ಯಾಪ್‌ಟಾಪಿನ ಮುಂದೆ ಗಂಗಾಳ ಇಟ್ಟುಕೊಂಡು ಉಣ್ಣುತ್ತ ‘ಊರದಾರಿ’ ಬಳಗದ ಆನ್‌ಲೈನ್ ಸಭೆ ಕೇಳುತ್ತಿದ್ದ. ಊರದಾರಿ ಎಂದರೆ ಮಾಲೀಕರೇ ಇಲ್ಲದ ಒಂದು ನಕ್ಷೆಯ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಕೈ ಹಚ್ಚಿ ಬೆಳೆಸಬಹುದು. ಬಳಗದ ಮುಂದಾಳು ಯಾದಗಿರಿಯ ಕಾಲೇಜು ಮೇಷ್ಟ್ರು ಶಹಬಾಜ. “ಮುಂದಿನ ತಿಂಗಳ ಸಭಾ ಯಾರು ನಡಸ್ತೀರಿ?” ಎಂದು ಆತ ಕೇಳುವುದಕ್ಕೂ, ಒಲೆಯ ಮುಂದಿನಿಂದ ಹೆಂಡತಿ ಉಮಾ “ಇನ್ನೊಂದು ಬೇಕೇನ್ರಿ?” ಅನ್ನುವುದಕ್ಕೂ ಸರಿಹೋಯಿತು.

“ಬೇಕು, ಬೇಕು. ನನಗ ಹಾಕು” ಎಂದ ದೇವಿಂದ್ರ, ಬಾಯಿ ತುಂಬಾ.

ಮೈಕು ತೆರೆದಿತ್ತು. ಪರದೆಯ ಮೇಲಿನ ನಲವತ್ತು ಮುಖಗಳು ಚಪ್ಪಾಳೆ ತಟ್ಟಿದವು. ಮುಂದಿನ ತಿಂಗಳ ಸಭೆ ಸುರಪುರದ ಓಣಿಗಳದ್ದು, ನಡೆಸುವವನು ಅಂಚೆ ದೇವಿಂದ್ರ ಎಂದು ಠರಾವಾಯಿತು.

ಅಲ್ಲ ಎನ್ನಲು ಬಾಯಿ ತೆರೆದವನು ಉಮಾಳ ಮುಖ ನೋಡಿ ಸುಮ್ಮನಾದ. ಸುರಪುರದಲ್ಲಿ ಅವನು ಹದಿನಾರು ವರ್ಷದಿಂದ ಕಾಗದ ಹಂಚುತ್ತಿದ್ದ. ಓಣಿಗಳಿಗೆ ಫಲಕವಿಲ್ಲ, ಮನೆಗಳಿಗೆ ನಂಬರಿಲ್ಲ. ಯಾರ ಮನೆ ಎಲ್ಲಿ ಎಂಬುದೆಲ್ಲ ಅವನ ತಲೆಯೊಳಗೇ ಇತ್ತು. ಹೀಗಾಗಿ ಎರಡು ದಿನಕ್ಕಿಂತ ಹೆಚ್ಚು ರಜೆ ಅವನಿಗೆ ಸಿಕ್ಕಿದ್ದೇ ಇಲ್ಲ. ಅವನ ಬದಲಿಗೆ ಬರಬೇಕಾದವನು ಬೋನಾಳದಲ್ಲಿ ಕಾಗದ ಹಂಚುವ ನಬಿಸಾಬ. ಒಂದು ಸಲ ಬಂದವನು ಎರಡನೆಯ ಓಣಿಯಲ್ಲೇ ದಾರಿ ತಪ್ಪಿ, ಸಂಜೆಯ ಹೊತ್ತಿಗೆ ದೇವಿಂದ್ರನ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. “ಕೈಯಾಗ ನಕ್ಷಾ ಕೊಡ್ರಿ, ನಾಕ ದಿನ ಯಾಕ, ನಲವತ್ತ ದಿನ ಹಂಚ್ತೀನಿ” ಎಂದು ಅವನೇ ಹೇಳಿದ್ದ. ದೇವಿಂದ್ರ ಬಳಗ ಸೇರಿದ್ದೇ ಅದಕ್ಕೆ. ನಾರಾಯಣಪುರದಲ್ಲಿ ಉಮಾಳ ಅಕ್ಕನ ಮಗಳ ಕುಬಸ, ಅಂದರೆ ಸೀಮಂತ, ಸಭೆಯ ಬೆನ್ನಿಗೇ ಬಂದಿತ್ತು. ಭಾನುವಾರ ಸಭೆ ಮುಗಿದರೆ ಸೋಮವಾರ ಮುಂಜಾನೆಯ ಬಸ್ಸಿಗೆ ಗಂಡಹೆಂಡತಿ ಇಬ್ಬರೂ ಹೊರಡಬಹುದು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ, ನಾಲ್ಕು ದಿನ.

ಸಭೆಯ ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆದರೆ ಎಡಮನೆಯ ಅಮಾತೆಪ್ಪ ಕಬ್ಬಿಣದ ಕುರ್ಚಿಗಳನ್ನು ಇಳಿಸುತ್ತಿದ್ದ.

“ಏನಿದು ಕಾಕಾ?”

“ಸಭಾ ಅದ ಅಂದಿಯಲ್ಲ. ಎಷ್ಟು ಮಂದಿ?”

“ಐವತ್ತು. ಆದ್ರ ಅವರು ಬರಂಗಿಲ್ಲ, ಎಲ್ಲಿ ಇದ್ದಾರೋ ಅಲ್ಲೇ ಕೂಡ್ತಾರ.”

ಅಮಾತೆಪ್ಪ ಕುರ್ಚಿ ಎತ್ತಿ ಹಿಡಿದೇ ನಿಂತ. “ಬರಲಾರದ ಮಂದಿಗೆ ಯಾಕೋ ಸಭಾ? ಯಾರಾದ್ರೂ ಬರಲೇಬೇಕು. ನಾವ ಬರ್ತೀವಿ ತಗೊ.”

ಅಷ್ಟರಲ್ಲಿ ಬಲಮನೆಯ ಭೀಮವ್ವ ಕೊಪ್ಪರಿಗೆಯಂಥ ಬೋಗುಣಿಯಲ್ಲಿ ಮಂಡಕ್ಕಿಯ ಸುಸಲಾ ಹೊತ್ತು ತಂದಳು. “ಐವತ್ತು ಮಂದಿ ಲೆಕ್ಕಕ್ಕ ಮಾಡೀನಿ. ಅವರು ಬರದಿದ್ರ ಸುಸಲಾ ಏನು ಫೋನಿನಾಗ ಹಾಕಿ ಕಳಿಸ್ತೀಯೇನು?”

ಹನ್ನೊಂದು ಗಂಟೆಗೆ ಪಡಸಾಲೆ ತುಂಬಿ ಕಟ್ಟೆಯವರೆಗೂ ಜನ ಕೂತಿದ್ದರು. ಲ್ಯಾಪ್‌ಟಾಪಿನ ಕ್ಯಾಮೆರಾ ಕಂಡಿದ್ದೇ ಹೆಂಗಸರು ಸೆರಗು ಸರಿಮಾಡಿಕೊಂಡರು, ಗಂಡಸರು ಫೋಟೊ ತೆಗೆಸುವವರಂತೆ ಉಸಿರು ಬಿಗಿಹಿಡಿದರು. ಆಚೆ ಕಡೆ ಹುಬ್ಬಳ್ಳಿ, ಮಂಗಳೂರು, ಮೈಸೂರಿನ ಸ್ವಯಂಸೇವಕರು ತಮ್ಮ ತಮ್ಮ ಮನೆಯಲ್ಲಿ ಕೂತಿದ್ದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಒಂದೊಂದು ಓಣಿಯ ಮೇಲೂ ಗೆರೆ ಎಳೆಯುವುದು, ದೇವಿಂದ್ರ ಹೆಸರು ಹೇಳುವುದು, ಮೈಸೂರಿನ ಒಬ್ಬ ಹುಡುಗಿ ಅದನ್ನು ಬರೆದುಕೊಳ್ಳುವುದು. ಒಟ್ಟು ಮೂವತ್ತೈದು ಓಣಿ. ಹನ್ನೆರಡು ಓಣಿ ಎಣ್ಣೆ ಹಚ್ಚಿದಂತೆ ಸರಾಗವಾಗಿ ಮುಗಿದವು.

ಹದಿಮೂರನೆಯದು ಅವರದೇ ಓಣಿ.

“ಬೇವಿನ ಗಿಡದ ಓಣಿ” ಎಂದ ದೇವಿಂದ್ರ.

“ಬರೇ ಬೇವಿನ ಗಿಡ ಅಂದ್ರ ಹೆಂಗ?” ಅಮಾತೆಪ್ಪ ಎದ್ದ. “ಅಮಾತೆಪ್ಪನ ಬೇವಿನ ಗಿಡದ ಓಣಿ ಅಂತ ಬರಸು. ಗಿಡ ಹಚ್ಚಿದಾವ ನಮ್ಮಜ್ಜ.”

“ಗಿಡ ನಿಂದಾದ್ರ ನೆರಳು ನಂದು” ಎಂದಳು ಭೀಮವ್ವ. “ದಿನಾ ಬೀಳೂದು ನಮ್ಮ ಅಂಗಳದಾಗ. ಎಲಿ ಕಸ ಹೊಡಿಯಾಕಿ ನಾನು. ಭೀಮವ್ವನ ಓಣಿ ಅಂತ ಬರೀರಿ.”

ಪರದೆಯೊಳಗಿನ ಐವತ್ತು ಮಂದಿ ಇತ್ತ ತಿರುಗಿದರು, ಅತ್ತ ತಿರುಗಿದರು. ದೇವಿಂದ್ರ ಕೈಮುಗಿಯುವಷ್ಟರಲ್ಲಿ ಕರೆಂಟು ಹೋಯಿತು.

ಲ್ಯಾಪ್‌ಟಾಪ್ ಹಳೆಯದು. ಕರೆಂಟಿಲ್ಲದೆ ಅರ್ಧ ತಾಸು ತಡೆದರೆ ಹೆಚ್ಚು. ನೆಟ್ಟು ಹರಿಯುತ್ತಿದ್ದುದು ಅವನ ಫೋನಿನಿಂದ. ಹಾಗಾಗಿ ಫೋನನ್ನು ಅಲ್ಲಿಯೇ ಬಿಟ್ಟು, ಮನ್ಸೂರಅಲಿಯ ಮೊಬೈಲ್ ಅಂಗಡಿಯಿಂದ ಸಣ್ಣ ಇನ್ವರ್ಟರ್ ತರಲು ಓಡಿದ. “ನಾ ಬರೂತನಕ ಯಾರೂ ಜಗಳಾಡದಂಗ ನೋಡ್ಕೊ” ಎಂದು ಉಮಾಳಿಗೆ ಹೇಳಿದ. ಉಮಾ ಆ ಜನಸಾಗರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

ಇನ್ವರ್ಟರನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮರಳುವಾಗ ಮುದುಕಿ ಗೊಲ್ಲಾಳಮ್ಮ ಅಡ್ಡ ಬಂದಳು. ಕೈಯಲ್ಲಿ ಕಾಗದ. ರಾಯಚೂರಿನ ಹಾಸ್ಟೆಲಿನಲ್ಲಿದ್ದ ಮೊಮ್ಮಗಳು ಬರೆದದ್ದು. ಅದನ್ನವನು ಈಗಾಗಲೇ ಮೂರು ಸಲ ಓದಿ ಹೇಳಿದ್ದ.

“ಇನ್ನೊಂದ ಸಲ ಓದೋ ಯಪ್ಪಾ. ನಡು ಒಂದ ಮಾತು ಮರ್ತೀನಿ.”

“ಗಡಿಬಿಡಿ ಅದ ಆಯಿ. ಸಂಜಿಗಿ ಬರ್ತೀನಿ.”

“ಹೂಂ ಹೋಗು” ಎಂದು ಆಕೆ ಕಾಗದ ಮಡಚಿದಳು. ಆ ಮಡಚುವಿಕೆಯನ್ನು ಅವನು ನೋಡಬಾರದಿತ್ತು, ನೋಡಿಬಿಟ್ಟ. ಇನ್ವರ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಓದಿದ. ‘ನಿನ್ನ ಕೈಯಾನ ಶೇಂಗಾ ಹಿಂಡಿ ನೆನಪಾಗತದ ಆಯಿ’ ಎಂಬಲ್ಲಿ ಗೊಲ್ಲಾಳಮ್ಮ “ಹಾಂ, ಇದ! ಇದ ಮರ್ತಿದ್ದೆ!” ಎಂದು ನಕ್ಕಳು. ಅಷ್ಟೂ ಓದಿ ಏಳುವಾಗ ಇಪ್ಪತ್ತು ನಿಮಿಷ ಕಳೆದಿತ್ತು.

ಮನೆ ಹೊಕ್ಕರೆ ಕರೆಂಟು ಬಂದಿತ್ತು. ಅದಕ್ಕಿಂತ ದೊಡ್ಡ ಅಚ್ಚರಿ, ಮನೆಯಲ್ಲಿ ಶಾಂತಿ ಇತ್ತು. ಎಲ್ಲರೂ ಸುಸಲಾ ತಿನ್ನುತ್ತಿದ್ದರು.

“ಮುಬಾರಕ್ ದೇವಿಂದ್ರಪ್ಪನವರ!” ಪರದೆಯಿಂದ ಶಹಬಾಜ ಕೂಗಿದ. “ಉಳಿದ ಇಪ್ಪತ್ಮೂರು ಓಣಿನೂ ಮುಗದ್ವು. ಎಲ್ಲರೂ ಕೈ ಎತ್ತಿ ಒಪ್ಗೊಂಡ್ರು, ನಕ್ಷಾ ಪಕ್ಕಾ ಆತು.”

“ನಿಮ್ಮ ಊರವರು ತುಂಬಾ ಒಗ್ಗಟ್ಟು ಸರ್” ಎಂದಳು ಮೈಸೂರಿನ ಹುಡುಗಿ. “ಮೊದಲು ಸ್ವಲ್ಪ ಕೂಗಾಡ್ತಾರೆ. ಕೊನೆಗೆ ಎಲ್ಲರೂ ಒಂದೇ ಮಾತು ಹೇಳ್ತಾರೆ.”

ದೇವಿಂದ್ರನ ಕಣ್ಣು ತುಂಬಿದವು. ಇಂಥ ಜನರನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದು ತಾನೇ ಸೌಟು ಹಿಡಿದು ಅಮಾತೆಪ್ಪನಿಗೂ ಭೀಮವ್ವನಿಗೂ ಇನ್ನಷ್ಟು ಸುಸಲಾ ಬಡಿಸಿದ. ಮಂದಿ ಹೋದ ಮೇಲೆ ಉಮಾ ಚೀಲ ತುಂಬಲು ಕೂತಳು. ಅಕ್ಕನ ಮಗಳಿಗೆಂದು ತಂದ ಹಸಿರು ಸೀರೆ ಕೆಳಗೆ, ಅದರ ಮೇಲೆ ಗಂಡನ ಇಸ್ತ್ರಿ ಮಾಡಿದ ಎರಡು ಅಂಗಿ. ಕೆಲಸ ಮಾಡುತ್ತಲೇ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅವಳು ಹಾಡಿದ್ದನ್ನು ದೇವಿಂದ್ರ ಕೇಳಿ ವರ್ಷಗಳಾಗಿದ್ದವು.

ಐದು ಗಂಟೆಗೆ ನಬಿಸಾಬ ಬಂದ, ಮದುವೆ ಮನೆಗೆ ಬಂದವನ ಹಾಗೆ ಹಲ್ಲು ಬಿಡುತ್ತ. “ಶಹಬಾಜ ಸಾಬರು ನಕ್ಷಾ ಕಳಿಸ್ಯಾರ್ರಿ. ಇಷ್ಟು ಹಗುರ ಅದ ಅಂತ ಗೊತ್ತಿದ್ರ ಯಾವಾಗೋ ಬರ್ತಿದ್ದೆ. ನೀವು ಆರಾಮ ಹೋಗಿ ಬರ್ರಿ.”

“ಓಣಿ ಎಲ್ಲಾ ಗೊತ್ತಾಗ್ತಾವಲ್ಲ?”

“ಗೊತ್ತಾಗೂದು ಏನದ ಅದ್ರಾಗ? ಬಹಳಷ್ಟು ಓಣಿ ನಿಮ್ಮವ. ಕಾಗದ ಎಲ್ಲಾ ತಂದು ನಿಮ್ಮ ಮನ್ಯಾಗ ಒಗದ್ರ ಆತು!”

ದೇವಿಂದ್ರ ಫೋನು ಕಸಿದುಕೊಂಡು ನೋಡಿದ. ಊರಿನ ನಕ್ಷೆ ಚೆಂದವಾಗಿ ಮೂಡಿತ್ತು. ಗುಡ್ಡದ ಕೆಳಗಿನ ಓಣಿಯ ಮೇಲೆ ‘ದೇವಿಂದ್ರನ ಕೆಳ ಓಣಿ’. ಅದರ ಪಕ್ಕದ್ದು, ‘ದೇವಿಂದ್ರನ ಕೆಳ ಓಣಿ’. ಗುಡ್ಡದ ಮೇಲಿನದೂ ‘ದೇವಿಂದ್ರನ ಕೆಳ ಓಣಿ’. ಎಣಿಸಿದ. ಬರೋಬ್ಬರಿ ಇಪ್ಪತ್ತಮೂರು.

“ಉಮಾ, ನಾ ಇಲ್ಲದಾಗ ಏನು ನಡೀತು ಇಲ್ಲಿ?”

ಉಮಾ ಬಾಗಿಲಿಗೆ ಬಂದು ಯೋಚಿಸಿದಳು. “ಏನಿಲ್ರಿ. ಒಂದೊಂದ ಓಣಿಗೂ ಕಾಕಾ ಒಂದ ಹೆಸರ ಹೇಳಾವ, ಭೀಮತ್ತಿ ಇನ್ನೊಂದ ಹೇಳಾಕಿ. ಹತ್ತ ಮಂದಿ ಹತ್ತ ಹೆಸರ. ಕಡೀಕ ಎಲ್ಲಾರೂ ಕೂಡಿ ‘ದೇವಿಂದ್ರನ ಕೇಳೋಣ್ರಿ, ದೇವಿಂದ್ರನ ಕೇಳೋಣ್ರಿ’ ಅನ್ನಾವ್ರು. ಆ ಹುಡುಗಿ ‘ಕೆಳ ಓಣೀನಾ?’ ಅಂತ ಕೇಳಾಕಿ. ಇವರು ‘ಹೂಂ ಮತ್ತ’ ಅನ್ನಾವ್ರು. ಪಾಪ, ಮುಂದಿನದಕ್ಕ ಹೋಗಾಕಿ.”

ದೇವಿಂದ್ರ ಶಹಬಾಜನಿಗೆ ಫೋನು ಹಚ್ಚಿದ. ಆತ ಮೊದಲು ನಕ್ಕ, ಆಮೇಲೆ ಕ್ಷಮೆ ಕೇಳಿದ, ಕೊನೆಗೆ ಬಳಗದ ನಿಯಮ ಹೇಳಿದ. ಸಭೆಯಲ್ಲಿ ಎಲ್ಲರೂ ಒಪ್ಪಿದ ಹೆಸರು ತಿದ್ದಬೇಕಾದರೆ ಮತ್ತೊಂದು ಸಭೆಯೇ ಆಗಬೇಕು. ಅದು ಮುಂದಿನ ತಿಂಗಳು. ಊರು ಗೊತ್ತಿದ್ದವರು ನೀವೇ, ನೀವೇ ನಡೆಸಬೇಕು.

ದೇವಿಂದ್ರ ಹೊಸ್ತಿಲ ಮೇಲೆ ಕೂತುಬಿಟ್ಟ. ಬೀಗ ಹಾಕಿದ ತನ್ನ ಮನೆಯ ಬಾಗಿಲಲ್ಲಿ ಇಪ್ಪತ್ತಮೂರು ಓಣಿಯ ಕಾಗದ ನಾಲ್ಕು ದಿನ ರಾಶಿ ಬೀಳುವುದು ಕಣ್ಣಿಗೆ ಕಟ್ಟಿತು. ಎಲ್ಲೋ ಒಬ್ಬ ಗೊಲ್ಲಾಳಮ್ಮ ಬಾಗಿಲಲ್ಲಿ ಕಾಯುವುದೂ ಕಂಡಿತು. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಮೊದಲು ಉಮಾಳ ಹೆಗಲು ಅಲುಗಿತು, ಅಳುತ್ತಿದ್ದಾಳೆಂದುಕೊಂಡ. ಆಮೇಲೆ ಅವಳು ಬಾಗಿಲಿಗೆ ಆನಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಹದಿನಾಕ ವರ್ಷ ಒಂದ ಓಣ್ಯಾಗ ಬಾಳೇ ಮಾಡಾಕತ್ತೀನಿ ಅಂದ್ಕೊಂಡಿದ್ದೆ ನೋಡ್ರಿ. ಅರ್ಧ ಊರ ನಮ್ದ ಅಂತ ಯಾರೂ ಹೇಳಿದ್ದಿಲ್ಲ.”

ಚೀಲದಿಂದ ಅವನ ಎರಡೂ ಅಂಗಿ ತೆಗೆದು, ಮಡಿಕೆ ಕೆಡದಂತೆ ಕಪಾಟಿನಲ್ಲಿಟ್ಟಳು. “ನಾ ಒಬ್ಬಾಕಿನ ಹೋಗಿ ಬರ್ತೀನಿ. ಬಸ್ಸಿಗೆ ಕಳಿಸಾಕ ಬರ್ರಿ, ಸಾಕು. ಕುಬಸದ ಹೋಳಿಗಿ ಕಟ್ಟಿಸ್ಕೊಂಡು ಬರ್ತೀನಿ.”

ದೇವಿಂದ್ರ ತಲೆಯಾಡಿಸಿದ.

ಚಹಾ ಕುಡಿಯುತ್ತಿದ್ದ ನಬಿಸಾಬ ಬಟ್ಟಲು ಕೆಳಗಿಟ್ಟು, ಮೆಲ್ಲಗೆ ಕೆಮ್ಮಿದ.

“ಹಂಗಾರ... ನೀವು ಹೆಂಗೂ ಊರಾಗ ಇರ್ತೀರಿ. ಕುಬಸ ಅಂದದ್ದು ಕೇಳಿ ನನಗೂ ಮಗಳ ಮನಿ ನೆನಪಾತ್ರಿ. ನಾಕ ದಿನ ಹೋಗಿ ಬರ್ಲೇನು? ಬೋನಾಳ ಏನು ದೂರಿಲ್ಲ. ಇರೂದು ಎರಡ ಓಣಿ.”

ದೇವಿಂದ್ರ ಕಿಸೆಯಿಂದ ಪೆನ್ನು ತೆಗೆದ.

“ಹೆಸರ ಹೇಳು, ಆ ಎರಡು ಓಣೀದು.”