ವಿಳಾಸ ಬದಲಾಯಿಸುವ ಕಂಪ್ಯೂಟರುಗಳು

ಕಚೇರಿಯ ಇಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಟಪಾಲಪ್ಪ ಅನ್ನುತ್ತಿದ್ದರು. ಅಂದು ಅವನು ನಾಲ್ಕಕ್ಕೆಲ್ಲ ಹೊರಡಲೇಬೇಕಿತ್ತು. ಮಗಳ ಶಾಲೆಯಲ್ಲಿ ನಾಟಕವೆಂದು ಮ್ಯಾನೇಜರಿಗೂ ಹೇಳಿಟ್ಟಿದ್ದ. ಹಿಂದಿನ ಎರಡು ವರ್ಷ ಕೆಲಸದ ನೆಪದಲ್ಲಿ ತಪ್ಪಿಸಿಕೊಂಡಿದ್ದ, ಆ ಸಂಕಟ ಇನ್ನೂ ಒಳಗೆ ಕುಟುಕುತ್ತಿತ್ತು.

ಬೆಳಿಗ್ಗೆಯೇ ಮ್ಯಾನೇಜರು ಬಂದು ನಿಂತರು. "ಇವತ್ತಿಂದ ಮನೇಲೇ ಕೆಲಸ ಮಾಡಿ ಅಂದಿದ್ವಲ್ಲ, ಆ ಇಪ್ಪತ್ತಾರು ಜನರ ಮೇಲ್ ಒಂದೂ ಹೋಗ್ತಿಲ್ಲ. ಸರಿ ಮಾಡೋವರೆಗೂ ನೀವು ಅಲ್ಲಾಡೋ ಹಾಗಿಲ್ಲ."

ಕಾರಣ ಸಣ್ಣದು. ಸರ್ವರ್ ಯಾರನ್ನೇ ಆಗಲಿ ನೆಟ್‌ವರ್ಕ್ ವಿಳಾಸದಿಂದಲೇ ಗುರುತಿಸುತ್ತಿತ್ತು. ಕಚೇರಿಯ ಕಂಪ್ಯೂಟರುಗಳದು ಕಾಯಂ ವಿಳಾಸ. ಮನೆಯವು ಇಂಟರ್ನೆಟ್ಟಿಗೆ ಸೇರಿದಾಗಲೆಲ್ಲ ಹೊಸ ವಿಳಾಸ ಹೊತ್ತು ಬರುತ್ತಿದ್ದವು. ಗುರುತಿಲ್ಲದವರ ಪತ್ರ ಮುಟ್ಟೆನೆಂದು ಸರ್ವರ್ ಬಾಗಿಲು ಹಾಕಿಕೊಳ್ಳುತ್ತಿತ್ತು.

"ಅಷ್ಟೇನಾ? ಫೋನ್ ಮಾಡಿ ಎಲ್ಲರ ವಿಳಾಸ ಬರ್ಕೊಳ್ಳಿ," ಎಂದರು ಸ್ಟೋರ್ಸ್ ಮೇಡಂ. ಪಟ್ಟಿ ಮಾಡಿದರೆ ವಾಸಿಯಾಗದ ಕಾಯಿಲೆಯೇ ಇಲ್ಲವೆಂದು ನಂಬಿದವರು ಅವರು. ಟಪಾಲಪ್ಪ ಬರೆದುಕೊಂಡ. ಕೊನೆಯವರದು ಬರೆಯುವಷ್ಟರಲ್ಲಿ ಮೊದಲಿನವರದು ಬದಲಾಗಿತ್ತು.

"ಬಾಗಿಲು ತೆಗೆದಿಟ್ಬಿಡಯ್ಯಾ, ಯಾರು ಬೇಕಾದ್ರೂ ಕಳಿಸ್ಕೊಳ್ಲಿ," ಎಂದರು ಹಿರಿಯ ಗುಮಾಸ್ತರು. ತೆಗೆದಿಟ್ಟ. ಇಪ್ಪತ್ತೇ ನಿಮಿಷದಲ್ಲಿ ಯಾರೋ ಪುಣ್ಯಾತ್ಮ, ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತನ್ನು ಅದೇ ಬಾಗಿಲಿನಿಂದ ನಲವತ್ತು ಸಾವಿರ ಜನಕ್ಕೆ ಕಳಿಸಿದ್ದ. ಅದರಲ್ಲೊಂದು ನಮ್ಮ ಮ್ಯಾನೇಜರಿಗೂ ಹೋಯಿತು. ಅವರ ತಲೆ ಸಂಪೂರ್ಣ ಬೋಳು.

ಹೊಟ್ಟೆತುಂಬ ಬೈಸಿಕೊಂಡು ಬಂದು ಕುಳಿತವನಿಗೆ, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವಂತೆ, ಒಂದು ಯೋಚನೆ ಬಂತು. ಎಲ್ಲಿಂದ ಬಂದೆ ಅಂತ ಕೇಳುವುದೇಕೆ? ನೀನು ಯಾರು ಅಂತ ಕೇಳಿದರೆ ಸಾಲದೇ? ನಿಂತ ಜಾಗ ಬದಲಾದರೆ ಮನುಷ್ಯ ಬೇರೆಯವನಾಗುತ್ತಾನೆಯೇ? ಊಟ ಬಿಟ್ಟು ಕೂತ. ವಿಳಾಸ ಯಾವುದೇ ಇರಲಿ, ಹೆಸರು, ಪಾಸ್‌ವರ್ಡ್ ಸರಿಯಾಗಿ ಹೇಳಿದವರ ಪತ್ರ ಕಳಿಸಬೇಕೆಂದು ಸರ್ವರ್‌ಗೆ ಕಲಿಸಿದ. ಮೂರೂವರೆಗೆ ಇಪ್ಪತ್ತಾರೂ ಮನೆಗಳಿಂದ ಮೇಲ್ ಹೋಯಿತು.

ಮ್ಯಾನೇಜರು ಬೆನ್ನು ತಟ್ಟಿದರು. "ಅಂದ್ರೆ ಇನ್ಮೇಲೆ ಎಲ್ಲಿ ಕೂತು ಬೇಕಾದ್ರೂ ಮೇಲ್ ಕಳಿಸಬಹುದು?"

"ಎಲ್ಲಿ ಬೇಕಾದ್ರೂ ಸಾರ್!" ಎಂದ ಟಪಾಲಪ್ಪ, ಎದೆಯುಬ್ಬಿಸಿ.

"ಭಲೇ! ಹಾಗಾದ್ರೆ ಈ ಲ್ಯಾಪ್‌ಟಾಪ್ ತಗೊಂಡು ಹೋಗಿ. ಎಣ್ಣೆ ಜಾಹೀರಾತಿಗೆ ಮುನ್ನೂರು ಜನ ಬೈದು ಬರೆದಿದ್ದಾರೆ. ನಾಟಕ ನೋಡ್ತಾ ನೋಡ್ತಾ ಒಬ್ಬೊಬ್ಬರಿಗೂ ಕ್ಷಮಾಪಣೆ ಕಳಿಸಿಬಿಡಿ."

ಮೊದಲ ಸಾಲಿನಲ್ಲೇ ಜಾಗ ಸಿಕ್ಕಿತು. ಪರದೆ ಎದ್ದಿತು, ಬಿದ್ದಿತು, ಚಪ್ಪಾಳೆಯೂ ಆಯಿತು. ಇನ್ನೂರ ಹನ್ನೊಂದನೆಯ ಕ್ಷಮಾಪಣೆ ಕಳಿಸಿ ಟಪಾಲಪ್ಪ ತಲೆಯೆತ್ತಿದಾಗ, ಮುಖಕ್ಕೆಲ್ಲ ಹಳದಿ ಬಣ್ಣ ಬಳಿದುಕೊಂಡ ಮಗಳು ಎದುರು ನಿಂತಿದ್ದಳು.

"ಅಪ್ಪಾ, ನಾನು ಯಾವ ಪಾರ್ಟು ಮಾಡ್ದೆ ಹೇಳು?"

ಅವನು ಆ ಬಣ್ಣವನ್ನೇ ದಿಟ್ಟಿಸಿದ. "ಹುಲಿ... ಅಲ್ವೇನಮ್ಮಾ?"

"ಸೂರ್ಯ ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಮೊದಲಿಂದ ಕೊನೇವರೆಗೂ ನಾನು ಅಲ್ಲೇ ಇದ್ದೆ."