ಹನ್ನೆರಡು ಫೋಟೊ, ಒಂದು ಮುಂಗುಸಿ

ನಿಟ್ಟೂರಿನ ಪೋಸ್ಟಾಫೀಸಿನಲ್ಲಿ ಇಪ್ಪತ್ತು ವರ್ಷ ಕಾಗದಗಳಿಗೆ ಮುದ್ರೆ ಹೊಡೆದ ಸಿದ್ದಗಂಗಯ್ಯನವರು ೧೯೭೯ರ ಒಂದು ದಿನ ಇದ್ದಕ್ಕಿದ್ದಂತೆ ಫೋಟೊಗ್ರಾಫರ್ ಆಗಲು ತೀರ್ಮಾನಿಸಿದರು. ಕಾರಣ ಮುಂಗುಸಿ. ಊರಾಚೆಯ ಅವರ ಮನೆಯ ಕತ್ತಾಳೆ ಬೇಲಿಯಲ್ಲಿ ಒಂದು ತಾಯಿ ಮುಂಗುಸಿ ಎರಡು ಮರಿಗಳೊಂದಿಗೆ ಸಂಸಾರ ಹೂಡಿತ್ತು. ಬೆಳಗಾಗೆದ್ದು ಮುಂಗುಸಿ ಕಂಡರೆ ಶುಭವಂತೆ. ಇವರಿಗೆ ದಿನಕ್ಕೆ ಮೂರು ಶುಭ! ಅವು ಅಂಗಳದಲ್ಲಿ ಉರುಳಾಡುವುದನ್ನು ನೋಡುತ್ತ ಕೂತರೆ ಕೈಯಲ್ಲಿದ್ದ ಕಾಫಿ ಆರಿ ನೀರಾಗುತ್ತಿತ್ತು.

ಅದೇ ವಾರ ಕುಣಿಗಲ್ಲಿನ ಗಂಡಿನ ಮನೆಯವರು ಇವರ ಮಗಳು ಗಂಗರತ್ನಳ ಫೋಟೊ ಕೇಳಿದ್ದರು. ಈಗಾಗಲೇ ಎರಡು ಸಂಬಂಧ ಕೈತಪ್ಪಿದ್ದವು. ಇದಾದರೂ ಕೂಡಿ ಬರಲಿ ಎಂದು ಹೆಂಡತಿ ಮಹಾಲಕ್ಷ್ಮಮ್ಮ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದರು. ಮಗಳನ್ನು ತುಮಕೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಎಂದದ್ದೇ ತಡ, ಯಜಮಾನರು ಎದೆಯುಬ್ಬಿಸಿದರು.

"ಆ ತಾಜಮಹಲ್ ಪರದೆ ಮುಂದೆ ನನ್ ಮಗಳು ಯಾಕ್ ನಿಂತ್ಕೋಬೇಕು? ಕ್ಯಾಮೆರಾನೇ ತರ್ತೀನಿ ಬುಡು."

ಸ್ಟುಡಿಯೋದ ಗೆಳೆಯ ನಯಾಜ್ ಅಹಮದ್ ತಮ್ಮ ಹಳೆಯ ಡಬ್ಬಿ ಕ್ಯಾಮೆರಾಗೆ ಹನ್ನೆರಡು ಫೋಟೊದ ರೀಲು ತುಂಬಿ ಕೊಟ್ಟರು. ಒಂದು ಸಲ ಕ್ಲಿಕ್ ಮಾಡಿದ ಮೇಲೆ ಗುಂಡಿ ತಿರುಗಿಸಬೇಕು, ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ನಂಬರು ಬರಬೇಕು ಎಂದು ಮೂರು ಸಲ ಹೇಳಿ ಕಳಿಸಿದರು.

ಮಗಳಿಗೆ ಒಂದು, ಮುಂಗುಸಿಗೆ ಹನ್ನೊಂದು ಎಂಬುದು ಸಿದ್ದಗಂಗಯ್ಯನವರ ಗುಪ್ತ ಯೋಜನೆ. ಸಂಜೆ ಗಂಗರತ್ನ ರೇಷ್ಮೆ ಸೀರೆಯುಟ್ಟು ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ನಕ್ಕಳು. ಕ್ಲಿಕ್! ಏನೋ ತಿರುಗಿಸಬೇಕು ಅಂದಿದ್ರಂತಲ್ಲ ಎಂದು ಅವಳು ನೆನಪಿಸಿದರೆ, ನನಗೇ ಹೇಳಿಕೊಡ್ತೀಯಾ ಎಂದು ಗದರಿಸಿ ಒಳಗೆ ಹೋದರು.

ಬೆಳಿಗ್ಗೆ ಅದೇ ಬೆಂಚಿನ ಮೇಲೆ ತಾಯಿ ಮುಂಗುಸಿ ಹಿಂಗಾಲಲ್ಲಿ ಎದ್ದು ನಿಂತಿತ್ತು. ಇಪ್ಪತ್ತು ವರ್ಷ ಮುದ್ರೆ ಒತ್ತಿ ಪಳಗಿದ ಕೈ ಸುಮ್ಮನಿದ್ದೀತೆ? ದಪ್, ದಪ್, ದಪ್! ಮುದ್ರೆ ಹೊಡೆದ ಮೇಲೆ ಗುಂಡಿ ತಿರುಗಿಸುವ ಪದ್ಧತಿ ಪೋಸ್ಟಾಫೀಸಿನಲ್ಲಿ ಇಲ್ಲವಲ್ಲ. ನಡುವೆ ಫಕ್ಕನೆ ನೆನಪಾಯಿತು. ತಿರುಗಿಸಿದೆನೋ, ಇಲ್ಲವೋ? ಕಿಂಡಿಯ ನಂಬರು ಕನ್ನಡಕವಿಲ್ಲದೆ ಕಾಣದು, ಕನ್ನಡಕ ತರಲು ಹೋದರೆ ಮುಂಗುಸಿ ನಿಲ್ಲದು. ಇರಲಿ ಎಂದು ಎರಡೆರಡು ಸಲ ತಿರುಗಿಸಿದರು. ಆಮೇಲೆ ಜಾಸ್ತಿಯಾಯಿತೇನೋ ಎಂದು ತಿರುಗಿಸದೆ ಬಿಟ್ಟರು. ಕೊನೆಗೆ ರೀಲು ಮುಗಿದಾಗ ಮುಂಗುಸಿ ಎಲ್ಲಿದೆ, ಮಗಳು ಎಲ್ಲಿದ್ದಾಳೆ ಎಂಬುದು ಅವರಿಗೇ ತಿಳಿದಿರಲಿಲ್ಲ.

ನಯಾಜ್ ರೀಲು ತೊಳೆದು ಪ್ರಿಂಟು ಹರಡಿದರು. ಏಳು ಖಾಲಿ. ನಾಲ್ಕರಲ್ಲಿ ಬರೀ ಬಾಲ. ಒಂದರಲ್ಲಿ ಮಾತ್ರ ಗಂಗರತ್ನ ಲಕ್ಷಣವಾಗಿ ನಗುತ್ತಿದ್ದಳು, ಮಡಿಲಲ್ಲಿ ಮುಂಗುಸಿ ಎದ್ದು ನಿಂತಿತ್ತು!

"ಇದು ಯಾವಾಗ ಬಂದ್ ಕೂತ್ಕೊಂತು?" ಎಂದರು ಸಿದ್ದಗಂಗಯ್ಯ, ಕಣ್ಣುಜ್ಜಿಕೊಂಡು.

"ನೀವು ರೀಲ್ ತಿರುಗ್ಸಿಲ್ಲ ಸಾರ್. ಒಂದರ್ ಮೇಲೊಂದು ಬಿದ್ದೈತೆ."

ಇನ್ನೊಂದು ತೆಗೆಸೋಣವೆಂದರೆ ಸಂಬಂಧ ತಂದಿದ್ದ ಚಿಕ್ಕರಂಗಯ್ಯ ಅಲ್ಲೇ ಕಾದು ಕೂತಿದ್ದ. ನಾಡಿದ್ದಿಂದ ಆಷಾಢ, ಮುಖ ಕಾಣುತ್ತದಲ್ಲ, ಸಾಕು ಎಂದು ಫೋಟೊವನ್ನು ಕವರಿಗೆ ತುರುಕಿ ಕುಣಿಗಲ್ ಬಸ್ಸಿಗೆ ಓಡಿದ.

ಆಷಾಢ ಪೂರ್ತಿ ಮಹಾಲಕ್ಷ್ಮಮ್ಮ ಗಂಡನಿಗೆ ಊಟ ಬಡಿಸಿದರು, ಮಾತು ಬಡಿಸಲಿಲ್ಲ. ಮಗಳ ಬಾಳಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಸಿದ್ದಗಂಗಯ್ಯನವರು ಕೊರಗುತ್ತಿದ್ದರು. ಮುಂಗುಸಿ ಕಂಡರೆ ಮುಖ ತಿರುಗಿಸುತ್ತಿದ್ದರು.

ಶ್ರಾವಣದ ಎರಡನೇ ದಿನ ಕುಣಿಗಲ್ಲಿನ ಕಾಗದ ಬಂತು. ತಾವೇ ಮುದ್ರೆ ಹೊಡೆದು, ಮನೆಗೆ ತಂದು, ಹೆಂಡತಿ ಮಗಳ ಮುಂದೆ ಓದಿದರು.

"ಹುಡುಗಿ ನಮಗೆ ಪೂರ್ಣ ಒಪ್ಪಿಗೆ. ಮುಂಗುಸಿಯನ್ನೇ ಮಡಿಲಲ್ಲಿಟ್ಟುಕೊಂಡ ಸೊಸೆ ಸಿಗುವುದು ಪುಣ್ಯವೆಂದು ನಮ್ಮ ತಾಯಿಯವರು ಹೇಳುತ್ತಾರೆ. ವರದಕ್ಷಿಣೆ ಏನೂ ಬೇಡ. ನಮ್ಮ ಹಿತ್ತಲಲ್ಲಿ ಹಾವಿನ ಕಾಟ ವಿಪರೀತ. ಆದ್ದರಿಂದ ತಾವು ಸಾಕಿರುವ ಆ ಮುಂಗುಸಿಯನ್ನು ಮಾತ್ರ ಮಗಳ ಜೊತೆ ತಪ್ಪದೆ ಕಳಿಸಿಕೊಡಬೇಕು."

ಗಂಗರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಮಹಾಲಕ್ಷ್ಮಮ್ಮ ಎದ್ದು ಹೋಗಿ ಕೋಳಿ ಮುಚ್ಚುವ ಮಂಕರಿ ತಂದು ಗಂಡನ ಕೈಗಿಟ್ಟರು. ಒಂದು ತಿಂಗಳ ಮೇಲೆ ಬಾಯಿ ಬಿಟ್ಟರು.

"ಬೇಲಿ ಹತ್ರ ಹೋಗಿ ಕೂತ್ಕೊಳ್ಳಿ. ಹಿಡಿಯೋ ತನಕ ಊಟಕ್ಕೆ ಬರ್ಬೇಡಿ."