ಲೈಡನ್ ಪಂದ್ಯದಲ್ಲಿ ಕೈವಾಡ

ಒಂದು ಕೆಲಸ ಹೇಳಿದರೆ ಅದನ್ನಷ್ಟೇ ಮಾಡಿ ಸುಮ್ಮನಾದ ಇತಿಹಾಸ ನನ್ನ ಹೆಂಡತಿ ಯೆಟ್ಸ್ಕೆಗಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವಳನ್ನು ಲೈಡನ್ನಿನ ಕಂಪ್ಯೂಟರ್ ಚದುರಂಗ ಪಂದ್ಯಕ್ಕೆ ಕರೆದೊಯ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಅಲ್ಲಿ ಆಡುವವು ಯಂತ್ರಗಳು. ನಾವು ಅವುಗಳ ಗುಲಾಮರು. ಪರದೆಯಲ್ಲಿ ಮೂಡಿದ ನಡೆಯನ್ನು ಹಲಗೆಯ ಮೇಲೆ ನಡೆಸಬೇಕು, ಅಷ್ಟೆ. ಮನುಷ್ಯ ತಲೆ ಹಾಕಿದರೆ ಆಟ ಹೋಯಿತು. ನಾನು ವರ್ಷಗಟ್ಟಲೆ ಸಾಕಿ ಸಲಹಿದ ಯಂತ್ರಶಿರೋಮಣಿ ಇದುವರೆಗೆ ಒಂದೂ ಆಟ ಗೆದ್ದಿರಲಿಲ್ಲ. (ಸೋಲುವುದಕ್ಕೂ ಅದು ಬಹಳ ಯೋಚಿಸುತ್ತಿತ್ತು.) ಕಿಟಕಿಯಾಚೆ ಕಾಲುವೆಯ ಮೇಲೆ ಮಂಜು. ಒಂದು ದೋಣಿ ನೀರಿನಲ್ಲೋ ಗಾಳಿಯಲ್ಲೋ ಎಂಬಂತೆ ತೇಲಿಹೋಯಿತು. ಯೆಟ್ಸ್ಕೆ ಅದನ್ನೇ ನೋಡುತ್ತಿದ್ದಳು. ಯಂತ್ರವನ್ನು ಅವಳಿಗೊಪ್ಪಿಸಿ ಕೈಕಾಲಾಡಿಸಲು ಹೊರಗೆ ಹೋದೆ.

ಬಂದು ನೋಡಿದರೆ ನನ್ನ ಕುದುರೆ ಹಲಗೆಯ ನಟ್ಟನಡುವೆ! ಎಂಥ ನಡೆ! ಸ್ವಲ್ಪ ಹೊತ್ತಿಗೆ ಎದುರಾಳಿಯ ರಾಜ ಶರಣಾದ. ಆ ಯಂತ್ರದ ಯಜಮಾನ ರೂಲೊಫ್ ಕೆಂಪಗಾಗಿ ಎದ್ದ.

"ಇದು ಮನುಷ್ಯರ ಕೈವಾಡ!"

"ಮನುಷ್ಯರದಾ? ಇಂಥ ನಡೆ ಹೊಳೆಯೋ ಮನುಷ್ಯರೇ ನಮ್ಮನೇಲಿಲ್ಲ ರೀ! ಬೇಕಾದ್ರೆ ನನ್ನ ಹೆಂಡತೀನೇ ಕೇಳಿ!" ಎಂದೆ.

ತೀರ್ಪುಗಾರ್ತಿ ಕೇಳಿದರು. ಯೆಟ್ಸ್ಕೆ ನಿಧಾನವಾಗಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಆ ಕುದುರೆ ಆಗ್ಲಿಂದ ಒಂದು ಪಕ್ಕದಲ್ಲಿ ನಿಂತು ಕಾಲುವೆ ನೋಡ್ತಿತ್ತು. ಪಾಪ ಅನ್ನಿಸ್ತು. ಸ್ವಲ್ಪ ಓಡಾಡ್ಲಿ ಅಂತ ಬಿಟ್ಟೆ. ಯಂತ್ರಕ್ಕೂ ಹಾಗೇ ಕೀ ಒತ್ತಿ ತಿಳಿಸ್ದೆ."

"ಯಂತ್ರ ಏನು ಹೇಳಿತ್ತು?"

"ಇನ್ನೂ ಯೋಚ್ನೆ ಮಾಡ್ತಿತ್ತು. ಹಾರ್ಮ್ ಥರಾನೇ."

ಹಾರ್ಮ್ ಎಂದರೆ ನಾನೇ. ಆದರೂ ಸೋಲೊಪ್ಪಲಿಲ್ಲ. "ಮನುಷ್ಯಬುದ್ಧಿ ಬೆರೀಬಾರ್ದು ಅನ್ನೋದು ತಾನೇ ನಿಯಮ? ಇದ್ರಲ್ಲಿ ಬುದ್ಧಿ ಎಲ್ಲಿದೆ, ತೋರಿಸಿ!"

ತೀರ್ಪುಗಾರ್ತಿ ಮೊದಲು ಯೆಟ್ಸ್ಕೆಯನ್ನು, ಆಮೇಲೆ ನನ್ನನ್ನು ನೋಡಿ, ಆಟವನ್ನು ರೂಲೊಫ್‌ಗೆ ಕೊಟ್ಟರು. ಮನೆ ಸೇರುವವರೆಗೂ ನನ್ನ ಹೆಂಡತಿ ರೈಲಿನ ಗಾಜಿನೊಂದಿಗಷ್ಟೇ ಮಾತಾಡಿದಳು.

ಈಗ ಶನಿವಾರ ಬಂತೆಂದರೆ ರೂಲೊಫ್ ತನ್ನ ಯಂತ್ರ ಹೊತ್ತು ನಮ್ಮ ಮನೆಗೇ ಬರುತ್ತಾನೆ. ಅದಕ್ಕೆ ಯೆಟ್ಸ್ಕೆಯಿಂದ ಪಾಠ ಹೇಳಿಸಬೇಕಂತೆ. ಹಲಗೆಯ ಮುಂದೆ ಇಬ್ಬರೂ ಕನಸು ಕಾಣುವವರಂತೆ ಕೂರುತ್ತಾರೆ.

"ಈ ರಾಣಿ ಏನಂತಾಳೆ, ಯೆಟ್ಸ್ಕೆ?"

"ಮನೆ ಬಿಟ್ಟು ತುಂಬಾ ದೂರ ಬಂದ್ಬಿಟ್ಟೆ ಅಂತಿದಾಳೆ."

ಅವನು ಭಕ್ತಿಯಿಂದ ಅದನ್ನೇ ಯಂತ್ರಕ್ಕೆ ಬರೆಯುತ್ತಾನೆ. ಆ ಯಂತ್ರ ಗೆಲ್ಲುತ್ತಲೇ ಇದೆ! ಮೊನ್ನೆ ಬಟಾಣಿ ಸಾರು ಕಲಕುತ್ತಿದ್ದ ನಾನು ತಡೆಯಲಾರದೆ ಬಂದು ಬಗ್ಗಿ, "ಆ ಪದಾತೀನ ಒಂದು ಮನೆ ಮುಂದೆ..." ಎಂದೆನಷ್ಟೆ.

ಯೆಟ್ಸ್ಕೆ ತಲೆ ಎತ್ತಲೂ ಇಲ್ಲ.

"ಹಾರ್ಮ್, ನೀನು ಮಧ್ಯೆ ಕೈ ಹಾಕ್ಬೇಡ. ಸಾರು ತಳ ಹಿಡೀತಿದೆ."